ಎಳೆಯ ತಂಡಕ್ಕೆ ತಕ್ಕ ಗುರು ಯಾರು?

ಕಳೆದ ವರ್ಷ ಪರೀಕ್ಷೆಗಳು ಮುಗಿಯುತ್ತಿದ್ದ ಕಾಲದಲ್ಲಿ ನಮ್ಮ ಕಾಲೇಜಿನ ಕ್ರೀಡಾಸಮಿತಿ ಸಭೆ ಸೇರಿತು. ಸಭೆಯ ಮುಂದಿದ್ದ ವಿಷಯ ಒಂದೇ. ನಮ್ಮ ಬ್ಯಾಸ್ಕೆಟ್‌ಬಾಲ್ ತಂಡ ಆ ವರ್ಷ ಆಡಿದ ೨೦ ಪಂದ್ಯಗಳಲ್ಲಿ ೭ನ್ನು ಗೆದ್ದು ೧೩ನ್ನು ಸೋತಿತ್ತು. ಹಿಂದಿನ ತಂಡದ ಹಿರಿಯ ಆಟಗಾರರೆಲ್ಲ ಪದವಿ ಪಡೆದು ಹೊರಟುಹೋಗಿದ್ದರು. ಉಳಿದವರು ಹತ್ತು ಮಂದಿ ಎಳೆಯರು. ಅವರಲ್ಲಿ ಅನೇಕರು ಈ ಆಟದ ಅಂಗಣಕ್ಕೆ ಮೊದಲ ಸಲ ಕಾಲಿಟ್ಟವರು. “ಈಗಿನ ತರಬೇತುದಾರರು ಎಳೆಯ ತಂಡಕ್ಕೆ ತಕ್ಕವರೆ? ಅವರನ್ನು ಮುಂದುವರಿಸುವುದೊ, ಬೀಳ್ಕೊಡುವುದೊ?” ಎಂಬುದೇ ಪ್ರಶ್ನೆ.

ಭೌತಶಾಸ್ತ್ರದ ಉಪನ್ಯಾಸಕರಾದ ನಮಗೆ ಆ ಸಭೆಯಲ್ಲಿ ಏನು ಕೆಲಸ ಎಂದು ವಾಚಕರು ಕೇಳಬಹುದು. “ಅಳತೆ, ಲೆಕ್ಕ ನಿಮಗೆ ಗೊತ್ತಿದೆ, ನೋಡಿ ಒಂದು ವರದಿ ಕೊಡಿ” ಎಂದು ಸಮಿತಿ ನಮಗೆ ಹೇಳಿತು. ಒಪ್ಪಿಕೊಂಡ ಮೇಲೆಯೇ ಹೊಣೆಯ ಭಾರ ನಮಗೆ ತಿಳಿದದ್ದು. ಒಂದು ಕಡೆ ಒಬ್ಬ ಮನುಷ್ಯನ ಜೀವನೋಪಾಯ. ಇನ್ನೊಂದು ಕಡೆ ಹತ್ತು ಹುಡುಗರ ಕಾಲೇಜು ದಿನಗಳು. ತಪ್ಪಾಗಿ ಅಳೆದರೆ ಎರಡಕ್ಕೂ ಅನ್ಯಾಯ. ಆದಕಾರಣ ಅಳೆಯುವ ಮೊದಲು ಯಾವುದನ್ನು ಅಳೆಯಬೇಕು ಎಂಬುದನ್ನೇ ವಿಚಾರ ಮಾಡಬೇಕಾಯಿತು. ಆ ವಿಚಾರವನ್ನು ತರುಣ ವಾಚಕರ ಮುಂದೆ ಇಡುವುದೇ ಈ ಲೇಖನದ ಉದ್ದೇಶ.

ಆಟವನ್ನು ಕಟ್ಟಿದವರ ಸೋಲು

ಬ್ಯಾಸ್ಕೆಟ್‌ಬಾಲ್ ತಾನಾಗಿ ಬೆಳೆದ ಆಟವಲ್ಲ. ಒಬ್ಬ ಅಧ್ಯಾಪಕರು ಬೇಕೆಂದೇ ರಚಿಸಿದ ಆಟ. ಕೆನಡದಲ್ಲಿ ಹುಟ್ಟಿದ ಜೇಮ್ಸ್ ನೇಸ್ಮಿತ್ ೧೮೯೧ರ ಡಿಸೆಂಬರಿನಲ್ಲಿ ಅಮೆರಿಕದ ಸ್ಪ್ರಿಂಗ್‌ಫೀಲ್ಡ್ ಎಂಬ ಊರಿನ ವೈ.ಎಂ.ಸಿ.ಎ. ಶಿಕ್ಷಣಶಾಲೆಯಲ್ಲಿ ಪೀಚ್ ಹಣ್ಣಿನ ಎರಡು ಬುಟ್ಟಿಗಳನ್ನು ೧೦ ಅಡಿ ಎತ್ತರದಲ್ಲಿ ಕಟ್ಟಿಸಿ, ೧೩ ನಿಯಮಗಳನ್ನು ಬರೆದು, ೧೮ ವಿದ್ಯಾರ್ಥಿಗಳನ್ನು ಎರಡು ತಂಡ ಮಾಡಿ ಆಡಿಸಿದರು. ಚಳಿಗಾಲದಲ್ಲಿ ಒಳಾಂಗಣದಲ್ಲಿ ಕುಳಿತು ಬೇಸತ್ತ ತರುಣರಿಗೆ ವ್ಯಾಯಾಮವಾಗಲಿ ಎಂಬುದಷ್ಟೇ ಅವರ ಉದ್ದೇಶ.

ಮುಂದೆ ನೇಸ್ಮಿತ್ ಕ್ಯಾನ್ಸಸ್ ವಿಶ್ವವಿದ್ಯಾನಿಲಯಕ್ಕೆ ಹೋಗಿ ಅಲ್ಲಿನ ತಂಡದ ಮೊದಲ ತರಬೇತುದಾರರಾದರು. ಅವರ ತಂಡ ಗೆದ್ದದ್ದು ೫೫ ಪಂದ್ಯ, ಸೋತದ್ದು ೬೦. ಆ ವಿಶ್ವವಿದ್ಯಾನಿಲಯದ ಇತಿಹಾಸದಲ್ಲಿ ಗೆಲುವಿಗಿಂತ ಸೋಲು ಹೆಚ್ಚಾಗಿರುವ ತರಬೇತುದಾರರು ಅವರೊಬ್ಬರೇ! ಆಟವನ್ನು ಹುಟ್ಟಿಸಿದವರೇ ಆಟದಲ್ಲಿ ಸೋತವರ ಪಟ್ಟಿಗೆ ಸೇರಿದರು.

ಹಾಗಾದರೆ ನೇಸ್ಮಿತ್ ತಕ್ಕ ಗುರುವಲ್ಲವೆ? ಅವರ ಕೈಕೆಳಗೆ ಆಡಿದ ಒಬ್ಬ ವಿದ್ಯಾರ್ಥಿ ಫಾಗ್ ಅಲೆನ್. ಈತ ಗುರುವಿನ ಸ್ಥಾನಕ್ಕೆ ಬಂದು ಅದೇ ವಿಶ್ವವಿದ್ಯಾನಿಲಯದ ತಂಡವನ್ನು ೩೯ ಋತುಗಳ ಕಾಲ ನಡೆಸಿ ೫೯೦ ಪಂದ್ಯಗಳನ್ನು ಗೆಲ್ಲಿಸಿದರು. ತರಬೇತಿ ಎಂಬುದನ್ನೇ ಒಂದು ವೃತ್ತಿಯ ಮಟ್ಟಕ್ಕೆ ಏರಿಸಿದರು. ಫಲಕದ ಮೇಲಿನ ಅಂಕಗಳಿಂದ ನೋಡಿದರೆ ನೇಸ್ಮಿತ್ ಹಿಂದೆ ಬಿದ್ದವರು. ಶಿಷ್ಯರಿಂದ ನೋಡಿದರೆ ಮುಂದೆ ನಿಂತವರು. ಅಳತೆಗೋಲು ಬದಲಾದರೆ ಉತ್ತರವೂ ಬದಲಾಗುತ್ತದೆ ಎಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಕಿಲ್ಲ.

ಇಪ್ಪತ್ತರಲ್ಲಿ ಏಳು ಎಂದರೇನು?

ಈಗ ನಮ್ಮ ಸಮಿತಿಯ ಮುಂದಿದ್ದ ಸಂಖ್ಯೆಯನ್ನೇ ತೆಗೆದುಕೊಳ್ಳೋಣ. ೨೦ರಲ್ಲಿ ೭ ಗೆಲುವು ಎಂಬುದು ತಂಡ ದುರ್ಬಲವೆಂಬುದಕ್ಕೆ ಸಾಕ್ಷಿಯೆ?

ಎದುರಾಳಿಗಳಿಗೆ ಎಲ್ಲ ವಿಧದಲ್ಲೂ ಸಮಬಲವಾದ ಒಂದು ತಂಡವನ್ನು ಊಹಿಸಿರಿ. ಅದರ ಪ್ರತಿಯೊಂದು ಪಂದ್ಯವೂ ನಾಣ್ಯ ಚಿಮ್ಮಿದ ಹಾಗೆ: ಗೆಲ್ಲುವ ಸಂಭವ ಅರ್ಧ, ಸೋಲುವ ಸಂಭವ ಅರ್ಧ. ಇಂಥ ೨೦ ಪಂದ್ಯಗಳ ಫಲಿತಾಂಶ ೧೦,೪೮,೫೭೬ ರೀತಿಗಳಲ್ಲಿ ಬರಬಹುದು. ಅವುಗಳಲ್ಲಿ ೭ ಅಥವಾ ಅದಕ್ಕಿಂತ ಕಡಿಮೆ ಗೆಲುವು ಬರುವ ರೀತಿಗಳು ೧,೩೭,೯೮೦. ಎಂದರೆ ನೂರಕ್ಕೆ ೧೩. ಸಮಬಲವುಳ್ಳ ನೂರು ತಂಡಗಳನ್ನು ಆಡಿಸಿದರೆ ಅವುಗಳಲ್ಲಿ ಸುಮಾರು ೧೩ ತಂಡಗಳು ಯಾವ ದೋಷವೂ ಇಲ್ಲದೆ ೭ ಅಥವಾ ಅದಕ್ಕಿಂತ ಕಡಿಮೆ ಗೆಲುವು ಪಡೆದು ತಲೆ ತಗ್ಗಿಸಿ ಮನೆಗೆ ಮರಳುತ್ತವೆ. ಅಷ್ಟೇ ಸಂಖ್ಯೆಯ ಇನ್ನೊಂದು ಗುಂಪು ೧೩ ಅಥವಾ ಹೆಚ್ಚು ಪಂದ್ಯಗಳನ್ನು ಗೆದ್ದು ಬರುತ್ತದೆ. ಆ ತಂಡಗಳ ತರಬೇತುದಾರರಿಗೆ ಹಾರ ಬೀಳುತ್ತದೆ. ಎರಡು ಗುಂಪುಗಳ ನಡುವೆ ಬಲದಲ್ಲಿ ಎಳ್ಳಷ್ಟೂ ವ್ಯತ್ಯಾಸವಿಲ್ಲ!

ನಮ್ಮ ತಂಡ ಸಮಬಲದ್ದೇ ಎಂದು ಇದರಿಂದ ಸಿದ್ಧವಾಗುವುದಿಲ್ಲ. ಅದು ನಿಜವಾಗಿ ದುರ್ಬಲವಾಗಿದ್ದರೂ ಇರಬಹುದು. ೨೦ ಪಂದ್ಯಗಳ ತಕ್ಕಡಿ ಈ ಎರಡು ಸಂಗತಿಗಳನ್ನು ಬೇರೆ ಬೇರೆಯಾಗಿ ತೂಗಲಾರದು ಎಂಬುದಷ್ಟೇ ನಮ್ಮ ವಾದ. ಪ್ರಯೋಗಶಾಲೆಯಲ್ಲಿ ಲೋಲಕದ ಒಂದೇ ಆಂದೋಲನವನ್ನು ಅಳೆದು ಗುರುತ್ವದ ಬೆಲೆಯನ್ನು ಬರೆದಿಟ್ಟ ವಿದ್ಯಾರ್ಥಿಗೆ ನಾವು ಅಂಕ ಕೊಡುವುದಿಲ್ಲ. ಹಾಗಿರುವಾಗ ಮನುಷ್ಯನ ವಿಷಯದಲ್ಲಿ ಮಾತ್ರ ಅಷ್ಟು ಅವಸರವೇಕೆ?

ಬೈಗುಳದ ಮಾಯೆ

ಸಭೆಯಲ್ಲಿ ಒಬ್ಬ ಹಿರಿಯರು ಒಂದು ಆಕ್ಷೇಪ ಎತ್ತಿದರು. “ಈ ತರಬೇತುದಾರರದು ಮೆದು ಸ್ವಭಾವ. ಹುಡುಗರನ್ನು ಗದರಿಸುವುದಿಲ್ಲ. ಹಿಂದಿನವರು ಚೆನ್ನಾಗಿ ಬಯ್ಯುತ್ತಿದ್ದರು. ಬೈದ ಮಾರನೆಯ ದಿನ ಹುಡುಗರು ಸರಿಯಾಗಿ ಆಡುತ್ತಿದ್ದರು. ಇದನ್ನು ನಾವು ಕಣ್ಣಾರೆ ಕಂಡಿದ್ದೇವೆ.”

ಇದೇ ಮಾತನ್ನು ೧೯೬೦ರ ದಶಕದಲ್ಲಿ ಇಸ್ರೇಲಿನ ವಾಯುಪಡೆಯ ಒಬ್ಬ ಶಿಕ್ಷಕ ಆಡಿದ್ದನು. ಮನಶ್ಶಾಸ್ತ್ರಜ್ಞ ಡೇನಿಯಲ್ ಕಾನೆಮನ್, ಕಲಿಕೆಗೆ ಬೈಗುಳಕ್ಕಿಂತ ಮೆಚ್ಚುಗೆ ಒಳ್ಳೆಯದು ಎಂದು ವಿಮಾನ ಹಾರಾಟದ ಶಿಕ್ಷಕರಿಗೆ ಉಪನ್ಯಾಸ ಮಾಡುತ್ತಿದ್ದರು. ಆಗ ಆ ಶಿಕ್ಷಕ ಎದ್ದು ತನ್ನ ಅನುಭವ ಅದಕ್ಕೆ ನೇರ ವಿರುದ್ಧವೆಂದು ಹೇಳಿದನು. ಒಳ್ಳೆಯ ಹಾರಾಟವನ್ನು ಹೊಗಳಿದರೆ ಮುಂದಿನ ಹಾರಾಟ ಕೆಡುತ್ತದೆ, ಕೆಟ್ಟ ಹಾರಾಟಕ್ಕೆ ಗದರಿಸಿದರೆ ಮುಂದಿನದು ಸುಧಾರಿಸುತ್ತದೆ ಎಂಬುದು ಅವನ ವಾದ.

ಕಾನೆಮನ್ ನೆಲದ ಮೇಲೊಂದು ಗುರುತು ಹಾಕಿ, ಪ್ರತಿಯೊಬ್ಬ ಶಿಕ್ಷಕನೂ ಗುರುತಿಗೆ ಬೆನ್ನು ತಿರುಗಿಸಿ ನಿಂತು ಎರಡು ಸಲ ನಾಣ್ಯ ಎಸೆಯುವಂತೆ ಮಾಡಿದರು. ಮೊದಲ ಸಲ ಗುರುತಿನ ಹತ್ತಿರಕ್ಕೆ ಎಸೆದವರಲ್ಲಿ ಹೆಚ್ಚಿನವರು ಎರಡನೆಯ ಸಲ ದೂರ ಎಸೆದರು. ಮೊದಲು ದೂರ ಎಸೆದವರು ಹತ್ತಿರಕ್ಕೆ ಬಂದರು. ಅಲ್ಲಿ ಹೊಗಳಿದವರೂ ಇಲ್ಲ, ಬೈದವರೂ ಇಲ್ಲ. ಅದೃಷ್ಟದ ಪಾಲಿರುವ ಯಾವ ಕಾರ್ಯದಲ್ಲಿಯೂ ಅತಿ ಒಳ್ಳೆಯ ಫಲದ ಬಳಿಕ ಸಾಧಾರಣ ಫಲವೂ ಅತಿ ಕೆಟ್ಟದರ ಬಳಿಕ ಅದಕ್ಕಿಂತ ವಾಸಿಯಾದುದೂ ಬರುವುದು ಸಹಜ. ತಂದೆತಾಯಿಗಳ ಮತ್ತು ಮಕ್ಕಳ ಎತ್ತರವನ್ನು ಅಳೆದು ಈ ಸಂಗತಿಯನ್ನು ೧೮೮೬ರಲ್ಲಿಯೇ ಫ್ರಾನ್ಸಿಸ್ ಗಾಲ್ಟನ್ ವಿವರಿಸಿದ್ದರು. ಇದನ್ನು ಸರಾಸರಿಯತ್ತ ಮರಳಿಕೆ ಎಂದು ಕರೆಯೋಣ.

ಆದುದರಿಂದ ಬೈಗುಳದ ಮಾರನೆಯ ದಿನ ಆಟ ಸುಧಾರಿಸಿದರೆ ಅದರ ಕೀರ್ತಿ ಬೈಗುಳಕ್ಕೆ ಸಲ್ಲಬೇಕಾಗಿಲ್ಲ. ಸಾಲು ಸೋಲುಗಳ ಬಳಿಕ ತರಬೇತುದಾರರನ್ನು ಬದಲಿಸಿದಾಗಲೂ ಇದೇ ಭ್ರಮೆ ಉಂಟಾಗುತ್ತದೆ. ತಂಡ ತನ್ನ ಅತಿ ಕೆಟ್ಟ ಸ್ಥಿತಿಯಲ್ಲಿರುವಾಗ ಹೊಸಬರು ಬರುತ್ತಾರೆ. ಅಲ್ಲಿಂದ ಮೇಲೇರುವುದೊಂದೇ ಉಳಿದ ದಾರಿ. ಮೇಲೇರಿದ ಕೂಡಲೆ “ನೋಡಿದಿರಾ, ಹೊಸಬರ ಕೈಗುಣ!” ಎಂದು ಜನ ಹೇಳುತ್ತಾರೆ. ನಿಜವಾದ ಕೈಗುಣವೂ ಇರಬಹುದು. ಆದರೆ ಒಂದು ತಿಂಗಳ ಏರಿಕೆಯಿಂದ ಅದು ತಿಳಿಯುವುದಿಲ್ಲ.

ಮಂಜುಗಡ್ಡೆ ಕರಗುವ ಹೊತ್ತು

ಎಳೆಯ ತಂಡದ ವಿಷಯದಲ್ಲಿ ಇನ್ನೊಂದು ತೊಡಕುಂಟು. ಅದನ್ನು ತಿಳಿಯಲು ಹೈಸ್ಕೂಲಿನ ಒಂದು ಪ್ರಯೋಗವನ್ನು ನೆನೆಯೋಣ. ಒಂದು ಬೋಗುಣಿಯಲ್ಲಿ ಸೊನ್ನೆ ಡಿಗ್ರಿಯ ಮಂಜುಗಡ್ಡೆಯನ್ನು ಇಟ್ಟು ಕಾಯಿಸಿರಿ. ಉರಿ ಒಂದೇ ಸಮನೆ ಉರಿಯುತ್ತಿರುತ್ತದೆ. ಉಷ್ಣಮಾಪಕದ ಪಾದರಸ ಮಾತ್ರ ಸೊನ್ನೆಯಿಂದ ಕದಲುವುದಿಲ್ಲ. ಒಂದು ಗ್ರಾಂ ಮಂಜುಗಡ್ಡೆ ಕರಗಿ ನೀರಾಗಲು ಸುಮಾರು ೮೦ ಕೆಲೊರಿ ಉಷ್ಣ ಬೇಕು. ಅದೇ ನೀರನ್ನು ಸೊನ್ನೆಯಿಂದ ೧೦೦ ಡಿಗ್ರಿಗೆ ಕಾಯಿಸಲು ೧೦೦ ಕೆಲೊರಿ ಸಾಕು. ಆ ೮೦ ಕೆಲೊರಿ ಉಷ್ಣಮಾಪಕಕ್ಕೆ ಕಾಣುವುದಿಲ್ಲ. ಅದಕ್ಕೇ ಅದನ್ನು ಗುಪ್ತೋಷ್ಣ ಎನ್ನುತ್ತೇವೆ. ಪಾದರಸವನ್ನೇ ನೋಡುತ್ತ ಕುಳಿತವನು “ಈ ಒಲೆ ಕೆಲಸಕ್ಕೆ ಬಾರದು” ಎಂದು ಒಲೆಯನ್ನು ಆರಿಸಿದರೆ ಅವನನ್ನು ಏನೆನ್ನಬೇಕು?

ಆಟದ ಕಲಿಕೆಯಲ್ಲಿಯೂ ಇಂಥ ಗುಪ್ತ ಕಾಲ ಬರುತ್ತದೆ. ಚೆಂಡನ್ನು ಬುಟ್ಟಿಗೆ ಎಸೆಯುವ ಬಗೆಯನ್ನೇ ನೋಡಿರಿ. ಬುಟ್ಟಿಯ ಬಳೆಯ ವ್ಯಾಸ ಸುಮಾರು ೪೫.೭ ಸೆಂಟಿಮೀಟರು, ಚೆಂಡಿನ ವ್ಯಾಸ ಸುಮಾರು ೨೪. ಚೆಂಡು ನೇರವಾಗಿ ಮೇಲಿನಿಂದ ಬಿದ್ದರೆ ಅದಕ್ಕೆ ಇಡೀ ಬಳೆ ಬಾಗಿಲಾಗುತ್ತದೆ. ಓರೆಯಾಗಿ ಬಂದರೆ ಬಳೆ ಚೆಂಡಿನ ಕಣ್ಣಿಗೆ ಚಪ್ಪಟೆಯಾದ ಅಂಡಾಕಾರವಾಗಿ ತೋರುತ್ತದೆ. ೪೫ ಡಿಗ್ರಿಯಲ್ಲಿ ಬಂದ ಚೆಂಡಿಗೆ ಬಾಗಿಲಿನ ಅಗಲ ಸುಮಾರು ೩೨ ಸೆಂಟಿಮೀಟರು. ೩೨ ಡಿಗ್ರಿಗೆ ಇಳಿದರೆ ೨೪, ಎಂದರೆ ಚೆಂಡಿನಷ್ಟೇ. ಅದಕ್ಕಿಂತ ಚಪ್ಪಟೆಯಾಗಿ ಬಂದ ಚೆಂಡು ಬಳೆಗೆ ತಗಲದೆ ಒಳಗೆ ಇಳಿಯುವಂತೆಯೇ ಇಲ್ಲ. ಉತ್ತರ ಕ್ಯಾರೊಲಿನ ರಾಜ್ಯ ವಿಶ್ವವಿದ್ಯಾನಿಲಯದ ಇಬ್ಬರು ಎಂಜಿನಿಯರುಗಳು ೨೦೦೮ರಲ್ಲಿ ಪ್ರಕಟಿಸಿದ ಗಣಕಯಂತ್ರದ ಲೆಕ್ಕದಂತೆ, ೧೫ ಅಡಿ ದೂರದ ಫ್ರೀ ಥ್ರೋ ಎಸೆತಕ್ಕೆ ಚೆಂಡು ಕೈ ಬಿಡುವಾಗ ಸುಮಾರು ೫೨ ಡಿಗ್ರಿಯ ಕೋನ ಒಳ್ಳೆಯದು. ಜೊತೆಗೆ ಸೆಕೆಂಡಿಗೆ ೩ ಸುತ್ತಿನಂತೆ ಹಿಮ್ಮುಖವಾಗಿ ತಿರುಗಬೇಕು.

ಎಳೆಯ ಆಟಗಾರನು ಎದೆಯ ಮಟ್ಟದಿಂದ ಚೆಂಡನ್ನು ಚಪ್ಪಟೆಯಾಗಿ ತಳ್ಳುವುದು ವಾಡಿಕೆ. ವರ್ಷಗಟ್ಟಲೆ ಹಾಗೆ ತಳ್ಳಿ ಅವನ ಕೈ ಪಳಗಿರುತ್ತದೆ. ಹತ್ತರಲ್ಲಿ ನಾಲ್ಕೈದು ಬುಟ್ಟಿಗೆ ಬೀಳಲೂ ಬಹುದು. ಗುರು ಬಂದು ಮೊಣಕೈಯನ್ನು ಒಳಕ್ಕೆ ತಂದು, ಮಣಿಕಟ್ಟನ್ನು ಬಾಗಿಸಿ, ಎತ್ತರವಾದ ಕಮಾನಿನಲ್ಲಿ ಎಸೆಯಲು ಕಲಿಸುತ್ತಾನೆ. ಹಳೆಯ ರೂಢಿ ಬಿಟ್ಟುಹೋಯಿತು, ಹೊಸದು ಕೂಡಿಬಂದಿಲ್ಲ. ಕೆಲವು ವಾರಗಳ ಕಾಲ ಹತ್ತರಲ್ಲಿ ಮೂರೂ ಬೀಳುವುದಿಲ್ಲ. ಆ ವಾರಗಳಲ್ಲಿ ಪಂದ್ಯ ನಡೆದರೆ ಸೋಲುವುದು ಖಂಡಿತ. ಗೆಲುವಿಗೆ ಹೆದರಿದ ಗುರು ಹುಡುಗನ ಹಳೆಯ ತಪ್ಪನ್ನು ಹಾಗೆಯೇ ಬಿಡುತ್ತಾನೆ. ಹುಡುಗನ ಮುಂದಿನ ದಿನಗಳನ್ನು ನೋಡುವ ಗುರು ಸೋಲನ್ನು ಮೈಮೇಲೆ ಹಾಕಿಕೊಳ್ಳುತ್ತಾನೆ. ಫಲಕವನ್ನು ಮಾತ್ರ ನೋಡುವ ಸಮಿತಿಗೆ ಮೊದಲನೆಯವನೇ ಜಾಣನಾಗಿ ಕಾಣುತ್ತಾನೆ.

ಎಪ್ಪತ್ತಮೂರು ಅಂಕಗಳ ಸೋಲು

ವೃತ್ತಿಪರ ಆಟದಲ್ಲಿ ಇದಕ್ಕೊಂದು ನಿದರ್ಶನ ದೊರೆಯುತ್ತದೆ. ಅಮೆರಿಕದ ಓಕ್ಲಹೋಮ ಸಿಟಿ ಥಂಡರ್ ತಂಡ ೨೦೨೦ರ ನವೆಂಬರಿನಲ್ಲಿ ಮಾರ್ಕ್ ಡೇಗ್ನಾಲ್ಟ್ ಎಂಬುವರನ್ನು ಮುಖ್ಯ ತರಬೇತುದಾರರನ್ನಾಗಿ ನೇಮಿಸಿತು. ಆಗ ಅವರ ವಯಸ್ಸು ೩೫. ಅದಕ್ಕೆ ಮೊದಲು ಐದು ಋತುಗಳ ಕಾಲ ಅವರು ಅದೇ ಸಂಸ್ಥೆಯ ಕಿರಿಯ ತಂಡದಲ್ಲಿ ಎಳೆಯರನ್ನು ಪಳಗಿಸುವ ಕೆಲಸದಲ್ಲಿದ್ದವರು. ಥಂಡರ್ ತನ್ನ ಹೆಸರಾಂತ ಹಿರಿಯರನ್ನು ಬಿಟ್ಟುಕೊಟ್ಟು ಎಳೆಯರನ್ನು ಕೂಡಿಸುತ್ತಿದ್ದ ಕಾಲವದು.

ಮೊದಲ ವರ್ಷ ೭೨ ಪಂದ್ಯಗಳಲ್ಲಿ ೨೨ ಗೆಲುವು. ಎರಡನೆಯ ವರ್ಷ ೮೨ರಲ್ಲಿ ೨೪. ಆ ಎರಡನೆಯ ವರ್ಷವೇ, ೨೦೨೧ರ ಡಿಸೆಂಬರ್ ೨ರಂದು, ಮೆಂಫಿಸ್ ತಂಡದೆದುರು ೧೫೨ಕ್ಕೆ ೭೯ರಂತೆ ಸೋಲಾಯಿತು. ಅಂತರ ೭೩ ಅಂಕಗಳು. ಆ ಲೀಗಿನ ಇತಿಹಾಸದಲ್ಲಿ ಅಷ್ಟು ದೊಡ್ಡ ಅಂತರದ ಸೋಲು ಅದಕ್ಕೆ ಮೊದಲು ಯಾರಿಗೂ ಬಂದಿರಲಿಲ್ಲ. ಆ ರಾತ್ರಿ ಯಾವುದಾದರೊಂದು ಸಮಿತಿ ಕುಳಿತು ಫಲಕ ನೋಡಿ ತೀರ್ಪು ಕೊಟ್ಟಿದ್ದರೆ ಅದು ಏನಾಗಿರುತ್ತಿತ್ತೆಂದು ವಾಚಕರೇ ಊಹಿಸಬಹುದು.

ಆದರೆ ಒಲೆಯನ್ನು ಯಾರೂ ಆರಿಸಲಿಲ್ಲ. ಮೂರನೆಯ ವರ್ಷ ೪೦ ಗೆಲುವು, ನಾಲ್ಕನೆಯ ವರ್ಷ ೫೭, ಐದನೆಯ ವರ್ಷ ೬೮. ೨೦೨೫ರ ಜೂನಿನಲ್ಲಿ ಆ ತಂಡ ಇಂಡಿಯಾನ ತಂಡವನ್ನು ಏಳು ಪಂದ್ಯಗಳ ಅಂತಿಮ ಸರಣಿಯಲ್ಲಿ ೪–೩ರಿಂದ ಸೋಲಿಸಿ ಲೀಗಿನ ಪ್ರಶಸ್ತಿ ಪಡೆಯಿತು. ೮೨ ಪಂದ್ಯಗಳ ಋತುವಿನಲ್ಲಿ ಬರಿಯ ಆಕಸ್ಮಿಕದಿಂದ ಗೆಲುವಿನ ಸಂಖ್ಯೆ ನಾಲ್ಕೈದರಷ್ಟು ಅತ್ತಿತ್ತ ಆಗುವುದು ಸಾಧಾರಣ. ಇಪ್ಪತ್ತನಾಲ್ಕರಿಂದ ಅರವತ್ತೆಂಟರ ತನಕದ ಈ ಏರಿಕೆಯನ್ನು ಅದೃಷ್ಟದ ತಲೆಗೆ ಕಟ್ಟಲಾಗದು.

ಇದೆಲ್ಲವೂ ತರಬೇತುದಾರರ ಕೀರ್ತಿಯೆಂದು ಹೇಳಿದರೆ ಅದೂ ತಪ್ಪಾದೀತು. ಆ ವರ್ಷಗಳಲ್ಲಿ ತಂಡಕ್ಕೆ ಪ್ರತಿಭಾವಂತರಾದ ಹೊಸ ಆಟಗಾರರು ಸೇರಿದರು. ಇದ್ದವರು ಪ್ರಾಯಕ್ಕೆ ಬಂದರು. ಭೌತಶಾಸ್ತ್ರದಲ್ಲಿ ಒಂದು ರಾಶಿಯನ್ನು ಬದಲಿಸುವಾಗ ಉಳಿದವುಗಳನ್ನು ಸ್ಥಿರವಾಗಿ ಇರಿಸುತ್ತೇವೆ. ಆಟದ ಅಂಗಣದಲ್ಲಿ ಅದು ಅಸಾಧ್ಯ. ಫಿಲಡೆಲ್ಫಿಯದ ತಂಡದ ಕಥೆ ಇದಕ್ಕೆ ಸಾಕ್ಷಿ. ೨೦೧೩ರಲ್ಲಿ ಅಲ್ಲಿಗೆ ಬಂದ ಬ್ರೆಟ್ ಬ್ರೌನ್ ೨೦೧೫–೧೬ರ ಋತುವಿನಲ್ಲಿ ೮೨ರಲ್ಲಿ ಕೇವಲ ೧೦ ಪಂದ್ಯ ಗೆದ್ದರು. ಎರಡು ವರ್ಷಗಳ ಬಳಿಕ ೫೨ ಗೆದ್ದರು. ಆದರೂ ತಂಡ ಪ್ರಶಸ್ತಿಯ ತನಕ ಹೋಗಲಿಲ್ಲ. ೨೦೨೦ರಲ್ಲಿ ಅವರನ್ನು ಬಿಡಲಾಯಿತು. ಸಸಿಯನ್ನು ನೆಟ್ಟು ಬೆಳೆಸಿದವರೇ ಹಣ್ಣು ಕೀಳುತ್ತಾರೆಂಬ ನಿಯಮವಿಲ್ಲ.

ಹೀಗೆ ಗೆಲುವು ಸೋಲುಗಳ ಲೆಕ್ಕ ಉತ್ತರ ಕೊಡುವಾಗ ಹಲವು ವರ್ಷ ಕಳೆದಿರುತ್ತವೆ; ಕೊಟ್ಟಾಗಲೂ ಉತ್ತರ ಬೆರಕೆಯಾಗಿರುತ್ತದೆ. ಸಮಿತಿಗಾದರೋ ಈಗಲೇ ಉತ್ತರ ಬೇಕು. ಹಾಗಾದರೆ ಫಲವನ್ನು ಬಿಟ್ಟು ಕ್ರಿಯೆಯನ್ನೇ ಅಳೆಯಬಹುದೆ?

ಎರಡು ಸಾವಿರದ ಮುನ್ನೂರ ಇಪ್ಪತ್ತಾರು ಗೆರೆಗಳು

ಅಳೆಯಬಹುದು, ಅಳೆದವರೂ ಇದ್ದಾರೆ. ಲಾಸ್ ಏಂಜಲೀಸಿನ ಕ್ಯಾಲಿಫೋರ್ನಿಯ ವಿಶ್ವವಿದ್ಯಾನಿಲಯದ ತಂಡಕ್ಕೆ ೧೯೪೮ರಿಂದ ೧೯೭೫ರ ವರೆಗೆ ಜಾನ್ ವುಡನ್ ತರಬೇತುದಾರರಾಗಿದ್ದರು. ಅವರು ಮೊದಲು ಹೈಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸುತ್ತಿದ್ದ ಮೇಷ್ಟರು. ಅವರ ತಂಡ ೧೯೬೪ರಿಂದ ೧೯೭೫ರ ವರೆಗಿನ ೧೨ ವರ್ಷಗಳಲ್ಲಿ ೧೦ ಸಲ ರಾಷ್ಟ್ರದ ಕಾಲೇಜು ಪ್ರಶಸ್ತಿಯನ್ನು ಗೆದ್ದಿತು. ಆ ಮೊದಲ ಪ್ರಶಸ್ತಿ ಬಂದದ್ದು ಅವರ ಹದಿನಾರನೆಯ ಋತುವಿನಲ್ಲಿ ಎಂಬುದನ್ನು ಅವಸರದ ಸಮಿತಿಗಳು ಗಮನಿಸತಕ್ಕದ್ದು.

ರೋಲಂಡ್ ಥಾರ್ಪ್ ಮತ್ತು ರೊನಾಲ್ಡ್ ಗ್ಯಾಲಿಮೋರ್ ಎಂಬ ಇಬ್ಬರು ಮನಶ್ಶಾಸ್ತ್ರಜ್ಞರು ೧೯೭೪–೭೫ರಲ್ಲಿ, ವುಡನ್ನರ ಕೊನೆಯ ಋತುವಿನಲ್ಲಿ, ೧೫ ಅಭ್ಯಾಸಗಳನ್ನು ಅಂಗಣದ ಬದಿಯಲ್ಲಿ ಕುಳಿತು ನೋಡಿದರು. ಈ ಇಬ್ಬರೂ ಹವಾಯಿ ದ್ವೀಪದ ಹೊನೊಲುಲುವಿನಲ್ಲಿ ಓದು ಹತ್ತದ ಮಕ್ಕಳ ಶಾಲೆಯೊಂದನ್ನು ರೂಪಿಸುತ್ತಿದ್ದವರು; ಒಳ್ಳೆಯ ಬೋಧನೆ ಹೇಗಿರುತ್ತದೆಂದು ತಿಳಿಯುವುದು ಅವರ ಗುರಿ. ವುಡನ್ ಆಡಿದ ಒಂದೊಂದು ಮಾತನ್ನೂ ಮಾಡಿದ ಒಂದೊಂದು ಸನ್ನೆಯನ್ನೂ ಬಗೆಬಗೆಯಾಗಿ ವಿಂಗಡಿಸಿ ಗೆರೆ ಎಳೆದರು. ಒಟ್ಟು ೨,೩೨೬ ಗೆರೆಗಳಾದುವು.

ಫಲಿತಾಂಶ ಅನೇಕರಿಗೆ ಆಶ್ಚರ್ಯ ತಂದಿತು. ಬರಿಯ ಮೆಚ್ಚುಗೆ ನೂರಕ್ಕೆ ೬.೯ ಮಾತ್ರ. ಬರಿಯ ಬೈಗುಳ ೬.೬. ಚುರುಕುಗೊಳಿಸುವ ಮಾತು ೧೨.೭. ತಪ್ಪನ್ನು ಗದರಿಸಿ ಆ ಉಸಿರಿನಲ್ಲಿಯೇ ಸರಿಯಾದುದನ್ನು ಹೇಳಿದ್ದು ೮. ಆದರೆ ಏನು ಮಾಡಬೇಕು, ಹೇಗೆ ಮಾಡಬೇಕು ಎಂಬ ನೇರ ಸೂಚನೆ ೫೦.೩! ಅರ್ಧಕ್ಕಿಂತ ಹೆಚ್ಚು. ಮೆಚ್ಚುಗೆ ದೊಡ್ಡದೊ ಬೈಗುಳ ದೊಡ್ಡದೊ ಎಂದು ನಾವು ವಾದಿಸುತ್ತಿದ್ದರೆ, ಆ ಗುರು ಎರಡನ್ನೂ ಬದಿಗಿಟ್ಟು ಕಲಿಸುತ್ತಿದ್ದರು.

ಅವರು ತಪ್ಪು ತಿದ್ದುವ ಬಗೆಯಲ್ಲಿಯೂ ಒಂದು ಕ್ರಮವಿತ್ತು. ಮೊದಲು ಸರಿಯಾದ ರೀತಿಯನ್ನು ಮಾಡಿ ತೋರಿಸುವರು. ಅನಂತರ ಹುಡುಗ ಮಾಡಿದ ತಪ್ಪನ್ನು ಅನುಕರಿಸಿ ತೋರಿಸುವರು. ಪುನಃ ಸರಿಯಾದುದನ್ನು ತೋರಿಸುವರು. ಎಲ್ಲವೂ ಕೆಲವೇ ಸೆಕೆಂಡುಗಳಲ್ಲಿ ಮುಗಿಯುತ್ತಿತ್ತು. ಋತುವಿನ ಮೊದಲ ದಿನ ಅವರು ಕಲಿಸುತ್ತಿದ್ದ ಪಾಠವಂತೂ ಪ್ರಸಿದ್ಧ: ಕಾಲಿಗೆ ಬೊಬ್ಬೆ ಏಳದಂತೆ ಕಾಲುಚೀಲವನ್ನೂ ಷೂಗಳನ್ನೂ ಹಾಕಿಕೊಳ್ಳುವುದು ಹೇಗೆ ಎಂಬುದು! ಪ್ರತಿದಿನದ ಅಭ್ಯಾಸಕ್ಕೆ ಮುನ್ನ ಸಹಾಯಕರೊಡನೆ ಕುಳಿತು ಯಾವ ನಿಮಿಷದಲ್ಲಿ ಏನೆಂದು ಕಾರ್ಡುಗಳ ಮೇಲೆ ಬರೆದುಕೊಳ್ಳುತ್ತಿದ್ದರು.

ಎಳೆಯನಿಗೆ ಬೇಕಾದದ್ದು ಇದೇ. ಪಳಗಿದ ಆಟಗಾರನಿಗೆ “ಚೆನ್ನಾಗಿ ಆಡು” ಎಂದರೆ ಸಾಕು, ಹೇಗೆಂಬುದು ಅವನಿಗೆ ಗೊತ್ತು. ಎಳೆಯನಿಗೆ ಗೊತ್ತಿಲ್ಲದಿರುವುದೇ ಆ ‘ಹೇಗೆ’. ಹೊಗಳಿದರೂ ಬೈದರೂ ಅದು ಅವನಿಗೆ ತಿಳಿಯುವುದಿಲ್ಲ. ಎಳೆಯ ತಂಡಕ್ಕೆ ತಕ್ಕ ಗುರು ಎಂದರೆ ಆ ‘ಹೇಗೆ’ ಎಂಬುದನ್ನು ದಿನದಿನವೂ, ಎಲ್ಲರಿಗೂ, ಸೋಲಿನ ನಡುವೆಯೂ ಹೇಳುವವನು.

ನಮ್ಮ ಪುಸ್ತಕದ ಗೆರೆಗಳು

ನಾವೂ ಒಂದು ನೋಟ್‌ಪುಸ್ತಕ ತೆಗೆದುಕೊಂಡು ಮೂರು ಸಂಜೆ ಅಂಗಣದ ಮೂಲೆಯಲ್ಲಿ ಕುಳಿತೆವು. ವುಡನ್ನರ ಹೆಸರನ್ನು ನಮ್ಮ ತರಬೇತುದಾರರು ಕೇಳಿದ್ದರೋ ಇಲ್ಲವೋ, ನಮಗೆ ತಿಳಿಯದು. ಒಬ್ಬ ಹುಡುಗನ ಎಸೆತ ಚಪ್ಪಟೆಯಾಗಿ ಹೋಗಿ ಬಳೆಗೆ ಬಡಿಯಿತು. ಅವರು ಹತ್ತಿರ ಹೋಗಿ, “ನೋಡಪ್ಪ, ಮೊಣಕೈ ಇಲ್ಲಿರಲಿ. ನೀನು ಮಾಡಿದ್ದು ಹೀಗೆ. ಮಾಡಬೇಕಾದ್ದು ಹೀಗೆ. ಎಲ್ಲಿ, ಇನ್ನೊಂದು ಸಲ” ಎಂದರು. ಧ್ವನಿ ಏರಲಿಲ್ಲ. ಮೂರು ಸಂಜೆಗಳ ಕೊನೆಗೆ ಸೂಚನೆಯ ಸಾಲಿನಲ್ಲಿಯೇ ಹೆಚ್ಚಿನ ಗೆರೆಗಳಿದ್ದುವು.

ಆದರೆ ಇನ್ನೊಂದು ಸಂಗತಿಯನ್ನೂ ಗೆರೆಗಳು ತೋರಿಸಿದುವು. ಆ ಸೂಚನೆಗಳು ಹೆಚ್ಚಾಗಿ ಸಲ್ಲುತ್ತಿದ್ದುದು ಐದಾರು ಹುಡುಗರಿಗೆ. ಉಳಿದವರು ಬದಿಯಲ್ಲಿ ನಿಂತು ನೋಡುತ್ತಿದ್ದರು. ಇದೊಂದು ದೋಷವೆಂದೇ ನಾವು ಬಗೆದೆವು. ನಾಲ್ಕನೆಯ ಸಂಜೆ ಅವರನ್ನು ಕೇಳಿಯೂ ಕೇಳಿದೆವು. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, “ಸಾರ್, ಹತ್ತು ಜನಕ್ಕೆ ಇರುವುದು ಎರಡು ಚೆಂಡು. ಚೆಂಡಿಲ್ಲದ ಕೈಗೆ ಏನೆಂದು ಹೇಳಲಿ?” ಎಂದರು.

ನಮಗೆ ಉತ್ತರ ತೋಚಲಿಲ್ಲ. ಚೆಂಡು ಕೊಳ್ಳಬೇಕಾದ ಸಮಿತಿಯೇ ತರಬೇತುದಾರರನ್ನು ತೂಗಲು ನಮ್ಮನ್ನು ಕಳುಹಿಸಿತ್ತು!

ನಮ್ಮ ವರದಿ ಚಿಕ್ಕದಾಗಿತ್ತು. ೨೦ ಪಂದ್ಯಗಳ ಫಲದಲ್ಲಿ ನೂರಕ್ಕೆ ಸುಮಾರು ೧೧ರಷ್ಟು ಆಕಸ್ಮಿಕದ ಅಲುಗಾಟವಿರುತ್ತದೆ. ಅದೇ ಹುಡುಗರು ಒಂದು ತಿಂಗಳಲ್ಲಿ ಎಸೆದ ೪೦೦ ಫ್ರೀ ಥ್ರೋಗಳನ್ನು ಎಣಿಸಿದರೆ ಅಲುಗಾಟ ೨.೫ಕ್ಕೆ ಇಳಿಯುತ್ತದೆ, ಏಕೆಂದರೆ ಎಣಿಕೆ ೨೦ ಪಟ್ಟು ಹೆಚ್ಚಿದರೆ ದೋಷ ೨೦ರ ವರ್ಗಮೂಲದಷ್ಟು, ಎಂದರೆ ಸುಮಾರು ನಾಲ್ಕೂವರೆ ಪಟ್ಟು, ತಗ್ಗುತ್ತದೆ. ಆದ್ದರಿಂದ ಗೆಲುವನ್ನಲ್ಲ, ತಿಂಗಳು ತಿಂಗಳಿಗೆ ಎಸೆತ, ಪಾಸ್, ಚೆಂಡು ಕಳೆದುಕೊಂಡದ್ದು, ಇವುಗಳನ್ನು ಹತ್ತೂ ಹುಡುಗರ ಹೆಸರಿನಲ್ಲಿ ಬರೆದಿಡಬೇಕು. ಅಂಕಿಯ ಎತ್ತರವನ್ನಲ್ಲ, ಅದರ ಏರಿಕೆಯ ದರವನ್ನು ನೋಡಬೇಕು. ತರಬೇತುದಾರರಿಗೆ ಎರಡು ವರ್ಷ ಅವಕಾಶ ಕೊಡಬೇಕು. ಎರಡು ವರ್ಷಗಳ ಬಳಿಕವೂ ಆ ಗೆರೆ ಮೇಲೇರದಿದ್ದರೆ ದಾಕ್ಷಿಣ್ಯವಿಲ್ಲದೆ ಅವರನ್ನು ಬೀಳ್ಕೊಡಬೇಕು. ಎಲ್ಲಕ್ಕೂ ಮೊದಲು ಆರು ಚೆಂಡುಗಳನ್ನು ಕೊಳ್ಳಬೇಕು.

ಸಮಿತಿ ಎರಡು ವರ್ಷಕ್ಕೆ ಒಪ್ಪಲಿಲ್ಲ. ಒಂದು ವರ್ಷ ಕೊಟ್ಟಿತು. ಚೆಂಡುಗಳು ಬಂದುವು. ಆ ವರ್ಷ ಇನ್ನೂ ಮುಗಿದಿಲ್ಲವಾದ್ದರಿಂದ ಫಲವನ್ನು ಹೇಳುವ ಗೋಜಿಗೆ ನಾವು ಹೋಗುವುದಿಲ್ಲ. ಹೇಳಿದರೆ ನಮ್ಮ ವಾದಕ್ಕೆ ನಾವೇ ವಿರೋಧಿಗಳಾದೇವು. ಈಗ ಸಂಜೆ ಹೊತ್ತಿನಲ್ಲಿ ಅಂಗಣದ ಬದಿಯಲ್ಲಿ ಬರಿಗೈಯಲ್ಲಿ ನಿಂತವರು ಯಾರೂ ಇಲ್ಲ ಎಂಬುದನ್ನು ಮಾತ್ರ ಕಂಡಿದ್ದೇವೆ.

ಆ ನೋಟ್‌ಪುಸ್ತಕದಿಂದ ನಮಗೂ ಒಂದು ಪಾಠವಾಯಿತು. ಕುತೂಹಲದಿಂದ ಒಂದು ದಿನ ನಮ್ಮ ಪ್ರಯೋಗಶಾಲೆಯಲ್ಲಿ ನಾವು ಆಡುವ ಮಾತುಗಳಿಗೇ ಗೆರೆ ಹಾಕುವಂತೆ ಒಬ್ಬ ವಿದ್ಯಾರ್ಥಿಗೆ ಹೇಳಿದೆವು. “ತಪ್ಪು, ಪುನಃ ಮಾಡು” ಎಂಬ ಸಾಲು ತುಂಬಿಹೋಗಿತ್ತು. “ಹೀಗೆ ಮಾಡು” ಎಂಬ ಸಾಲಿನಲ್ಲಿ ಗೆರೆಗಳು ತೀರ ವಿರಳ. ಪುಸ್ತಕವನ್ನು ನಮ್ಮ ಕೈಗೆ ಕೊಡುವಾಗ ಆ ಹುಡುಗ ಸ್ವಲ್ಪ ಅಂಜಿದನು. ಅಂಜಬೇಕಾದವರು ನಾವಾಗಿದ್ದೆವು.

ತರುಣ ವಾಚಕರೂ ತಮ್ಮ ತಂಡದಲ್ಲಾಗಲಿ ತರಗತಿಯಲ್ಲಾಗಲಿ ಒಂದು ದಿನ ಇದನ್ನು ಮಾಡಿ ನೋಡಬಹುದು. ಬೇಕಾದದ್ದು ಒಂದು ಪುಸ್ತಕ, ಒಂದು ಪೆನ್ಸಿಲು, ಎಣಿಸಿ ಮುಗಿಯುವ ತನಕ ತೀರ್ಪನ್ನು ತಡೆದಿಡುವ ತಾಳ್ಮೆ. ಇವುಗಳಲ್ಲಿ ಮೂರನೆಯದೇ ದುರ್ಲಭ.